ಸಾಗವಾನಿಯ ಸ್ಕ್ಯಾನಿಂಗ್ ಮಷಿನ್

ವಿವೇಕಶಾಲಿಗಳೂ ಸಹನಾಮೂರ್ತಿಗಳೂ ಆದ ವಾಚಕ ಮಹಾಶಯರೇ, ಮನುಷ್ಯನನ್ನು ಪೂರ್ತಿ ಎಚ್ಚರವಾಗಿಟ್ಟು ಅವನ ಒಂದೇ ಒಂದು ಕೈಯನ್ನು ಮಾತ್ರ ನಿದ್ರೆಗೆ ಕಳಿಸುವ ವಿದ್ಯೆಯೊಂದು ಈ ಭೂಮಂಡಲದಲ್ಲಿ ಉಂಟೆಂಬುದು ತಮ್ಮ ಗಮನಕ್ಕೆ ಬಂದಿರಬಹುದು. ಬಂದಿಲ್ಲವಾದರೆ ತಮಗೆ ಶಸ್ತ್ರಚಿಕಿತ್ಸೆಯ ಪ್ರಸಂಗ ಒದಗಿಲ್ಲವೆಂದು ಸಂತೋಷಪಡತಕ್ಕದ್ದು. ಕುತ್ತಿಗೆಯ ಬುಡದಲ್ಲಿ ಅಡ್ಡಲಾಗಿರುವ ಎಲುಬಿನ ಹಿಂದಿನಿಂದ ನರಗಳ ಗೊಂಚಲೊಂದು ತೋಳಿಗೆ ಇಳಿಯುತ್ತದೆ. ಸೂಜಿಯ ತುದಿಯಿಂದ ಆ ಗೊಂಚಲಿನ ಸುತ್ತ ಔಷಧ ಬಿಟ್ಟರೆ ಕೈ ಮಲಗುತ್ತದೆ, ಕೈಯ ಒಡೆಯ ಎದ್ದಿರುತ್ತಾನೆ, ಇಷ್ಟವಿದ್ದರೆ ಶಸ್ತ್ರವೈದ್ಯರೊಡನೆ ಕಬ್ಬಿನ ಇಳುವರಿಯ ಚರ್ಚೆಯನ್ನೂ ನಡೆಸಬಹುದು. ಇಂಥ ವಿದ್ಯೆಯನ್ನು ಕಲಿಯಲು ಸಿದ್ಧತೆ ನಡೆಸಿದ ಮೂಡಲಗಿಯ ಡಾಕ್ಟರ್ ಸೂರಜನಿಗೆ ಹತ್ತು ದಿನಗಳ ರಜೆಯಲ್ಲಿ ಏನೇನು ಒದಗಿತೆಂಬುದನ್ನು ಇದ್ದದ್ದು ಇದ್ದಂತೆ ನಿವೇದಿಸುವುದೇ ಈ ಬರಹದ ಉದ್ದೇಶ.

ಸೂರಜ ಒಂದು ದೊಡ್ಡ ಆಸ್ಪತ್ರೆಯ ಅರಿವಳಿಕೆ ವಿಭಾಗದಲ್ಲಿ ಸೀನಿಯರ್ ರೆಸಿಡೆಂಟ್ ಆಗಿದ್ದ. ಸೀನಿಯರ್ ಎಂಬುದು ಅವನಿಗಿಂತ ಕಿರಿಯರಿಗೆ ಮಾತ್ರ ತಿಳಿದಿದ್ದ ಸಂಗತಿ. ಉಳಿದ ಆಸ್ಪತ್ರೆ ಅವನನ್ನು "ರೀ, ಸ್ವಲ್ಪ ಈ ಕಡೆ" ಎಂದೇ ಕರೆಯುತ್ತಿತ್ತು. ಇಡೀ ಮನುಷ್ಯನನ್ನು ಮಲಗಿಸುವುದರಲ್ಲಿ ಅವನ ಕೈ ಪಳಗಿತ್ತು. ಆದರೆ ಹೊಸ ಪೋಸ್ಟಿಂಗ್‌ನಲ್ಲಿ ಎಡಗೈಯಿಂದ ಸ್ಕ್ಯಾನಿಂಗ್ ಮಷಿನ್ನಿನ ಪ್ರೋಬ್ ಎಂಬ ಹಿಡಿಕೆಯನ್ನು ರೋಗಿಯ ಕುತ್ತಿಗೆಗೆ ಒತ್ತಬೇಕು, ಬಲಗೈಯಲ್ಲಿ ಸೂಜಿ ಹಿಡಿಯಬೇಕು, ಕಣ್ಣನ್ನು ಈ ಎರಡೂ ಕೈಗಳಿಂದ ಕಿತ್ತು ಕುತ್ತಿಗೆಯ ಒಳಗನ್ನು ತೋರಿಸುವ ಪರದೆಯ ಮೇಲೆ ನೆಡಬೇಕು. ಸೂರಜನ ದೇಹದಲ್ಲಿ ಕಣ್ಣು ಹೋದಲ್ಲಿಗೆ ಕೈ ಹೋಗುವ ಪದ್ಧತಿಯಿತ್ತು. ಮೊದಲನೆಯ ದಿನವೇ ಪರದೆಯನ್ನು ನೆಟ್ಟ ನೋಟದಿಂದ ನೋಡುತ್ತ, ರೋಗಿಯ ಕುತ್ತಿಗೆಯೆಂದು ಭಾವಿಸಿ, ವಿಭಾಗದ ಮುಖ್ಯಸ್ಥೆ ನಂದಾ ಮೇಡಂ ಅವರ ಮುಂಗೈಗೆ ಜೆಲ್ ಸವರಿ, "ಸ್ವಲ್ಪ ತಣ್ಣಗನಿಸುತ್ತೆ, ಹೆದರಬೇಡಿ" ಎಂದು ಧೈರ್ಯ ಹೇಳಿದ್ದ.

"ನಾನು ಹೆದರಿಲ್ಲ, ಸೂರಜ್," ಎಂದಿದ್ದರು ಮೈಸೂರಿನ ಕಡೆಯ ಆ ಮೇಡಂ. "ರೋಗಿ ಹೆದರಿದ್ದಾರೆ. ಹತ್ತು ದಿನ ಊರಿಗೆ ಹೋಗಿ. ಪ್ರೋಬ್ ಥರದ ಏನಾದರೂ ಹಿಡಿದು ಅಭ್ಯಾಸ ಮಾಡಿ. ಐವತ್ತು ಕುತ್ತಿಗೆ ಮುಟ್ಟಿ ನೋಡಿ; ಎಲ್ಲಿ ಏನಿದೆ ಅಂತ ಬೆರಳಿಗೆ ಗೊತ್ತಾಗಲಿ. ಅದಾದ ಮೇಲಿನ ಸೋಮವಾರ ಎಂಟು ಗಂಟೆಗೆ ಬನ್ನಿ. ಆಗಲೂ ಹೀಗೇ ಇದ್ದರೆ ಪೋಸ್ಟಿಂಗ್ ಬೇರೆಯವರಿಗೆ ಹೋಗುತ್ತೆ."

ಪೋಸ್ಟಿಂಗ್ ಹೋದರೆ ಅದೊಂದೇ ಹೋಗುತ್ತಿರಲಿಲ್ಲ, ಸೂರಜನ ಅಜ್ಜಿ ಉದ್ದವ್ವನ ಬಲಗೈಯೂ ಹೋಗುತ್ತಿತ್ತು. ಅಪ್ಪ ಅವ್ವ ಇಬ್ಬರೂ ಹೊಲಗೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಸೂರಜನನ್ನೂ ಅವನ ತಂಗಿ ದೀಪಾಳನ್ನೂ ಸಾಕಿದ್ದು ಆ ಕೈ. ನಾಲ್ಕು ತಿಂಗಳ ಹಿಂದೆ ಕಬ್ಬಿನ ಗದ್ದೆಯ ಬದುವಿನಲ್ಲಿ ಜಾರಿ ಬಿದ್ದಾಗ ಅದರ ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಆ ಕೈಯಿಂದ ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತಿತ್ತು; ಆದರೆ ಉದ್ದವ್ವನಿಗೆ ದಮ್ಮಿನ ತೊಂದರೆ. ಪೂರ್ತಿ ಮಲಗಿಸುವುದು ಕಷ್ಟ, ಕೈಯೊಂದನ್ನೇ ಮಲಗಿಸಿ ಮಾಡಬೇಕು ಎಂದು ವೈದ್ಯರು ಹೇಳಿದ್ದರು. ಅದಕ್ಕೆ ಉದ್ದವ್ವ ಒಂದು ಷರತ್ತು ಹಾಕಿ ಕುಳಿತಿದ್ದಳು.

"ಮಾಡಸ್ಕೋತೀನಿ. ಆದ್ರ ನಮ್ಮ ಸೂರ್ಯಾ ಆ ವಿದ್ಯಾ ಕಲಿತ ಮ್ಯಾಲ. ಕಂಡವ್ರ ಕೈಯಾಗ ನನ್ನ ಕುತ್ತಿಗಿ ಕೊಡೂದಿಲ್ಲ."

ಹೀಗೆ ಒಂದು ಕುತ್ತಿಗೆಯ ಸಲುವಾಗಿ ಐವತ್ತು ಕುತ್ತಿಗೆಗಳನ್ನು ಹುಡುಕುವ ಹೊಣೆ ಹೊತ್ತು ಸೂರಜ ಮೂಡಲಗಿಗೆ ಬಂದಿಳಿದ.

ಬಂದವನೇ ಮೊದಲು ಹೋದದ್ದು ಬಡಿಗೇರ ಹೊಳೆಪ್ಪನ ಕಡೆಗೆ. ಹೊಳೆಪ್ಪ ಬಾಗಿಲು, ಕಿಟಕಿ, ತೊಟ್ಟಿಲುಗಳಲ್ಲಿ ಹೆಸರು ಮಾಡಿದವನು. ಸೂರಜ ಹಾಳೆಯ ಮೇಲೆ ಬರೆದು ತೋರಿಸಿದ ಆಕೃತಿಯನ್ನು ಆತ ಮೇಲೆ ಕೆಳಗೆ ಮಾಡಿ ನೋಡಿದ.

"ಇದೇನಪಾ ಇದು?"

"ಪ್ರೋಬ್ ರಿ ಮಾವಾ. ಕಟಿಗಿದು ಬೇಕು."

"ಯಾತಕ್ಕ ಬರ್ತೈತಿ?"

"ಹಿಡ್ಯಾಕ."

"ಹಿಡಿದು?"

ಸೂರಜ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ಹಿಡಿದು... ಹಿಡ್ಯೂದನ್ನ ಕಲ್ಯಾಕ."

ಇಷ್ಟು ವರ್ಷ ಓದಿದ ಮೇಲೆ ವಿದ್ಯೆ ಈ ಘಟ್ಟಕ್ಕೆ ಬರುತ್ತದೆಂಬುದನ್ನು ಹೊಳೆಪ್ಪ ಗೌರವದಿಂದ ಒಪ್ಪಿಕೊಂಡ. ಯಾರದೋ ಬಾಗಿಲ ಚೌಕಟ್ಟಿನಲ್ಲಿ ಉಳಿದ ಸಾಗವಾನಿಯ ತುಂಡು ತೆಗೆದು, ಕೆತ್ತಿ, ಉಜ್ಜಿ, ಎಣ್ಣೆ ಹಚ್ಚಿ, ಮೇಲೆ ಕರಿ ಬಣ್ಣ ಬಳಿದು ಕೊಟ್ಟ. ನಿಜವಾದ ಪ್ರೋಬಿನ ವಯರು ಮಣಿಕಟ್ಟನ್ನು ಜಗ್ಗುತ್ತದೆಂದು ಸೂರಜ ಹೇಳಿದ್ದಕ್ಕೆ, ಕೆಟ್ಟುಹೋದ ಮೊಬೈಲ್ ಚಾರ್ಜರಿನ ವಯರನ್ನು ಒಂದು ಸಣ್ಣ ಮೊಳೆಯಿಂದ ಹಿಂದೆ ಬಡಿದ. ಜೆಲ್ಲಿನ ಬದಲು ಹಿತ್ತಲಿನ ಲೋಳಸರ. ಪರದೆಯ ಬದಲು ಮೊಬೈಲು. ಅದರಲ್ಲಿ ಯಾರದೋ ಕುತ್ತಿಗೆಯ ಒಳಗನ್ನು ತೋರಿಸುವ ಒಂದು ವಿಡಿಯೋ, ಮುಗಿದೊಡನೆ ಮತ್ತೆ ಮೊದಲಿನಿಂದ. ಸೂಜಿಯ ಬದಲು ಟೊಪ್ಪಿಗೆ ಹಾಕಿದ ಬಾಲ್‌ಪೆನ್ನು. ಬಡತನದಲ್ಲಿ ಇದಕ್ಕಿಂತ ಸುಸಜ್ಜಿತವಾದ ಪ್ರಯೋಗಾಲಯವನ್ನು ಯಾರೂ ಕಟ್ಟಿರಲಾರರು.

ಮೊದಲ ಎರಡು ದಿನ ಬಿ.ಇಡ್. ಓದುತ್ತಿದ್ದ ದೀಪಾ ಕುತ್ತಿಗೆ ಕೊಟ್ಟಳು. ಮೂರನೆಯ ದಿನ ಹಿಂದಕ್ಕೆ ತೆಗೆದುಕೊಂಡಳು.

"ಅಣ್ಣಾ, ಲೋಳಸರ ಹಚ್ಚಿಸ್ಕೊಂಡು ಹಚ್ಚಿಸ್ಕೊಂಡು ನನ್ನ ಕುತ್ತಿಗಿ ಮ್ಯಾಲೆ ಸರಾನೂ ನಿಲ್ಲವಲ್ದು. ನಿನಗೂ ಒಂದು ಕುತ್ತಿಗಿ ಐತೆಲ್ಲ, ಅದನ್ನ ಬಳಸು."

ಸೂರಜ ಮನೆಯ ಮುಂದಿನ ಕಟ್ಟೆಗೆ ಬಂದು, ಕಂಬಕ್ಕೆ ಕನ್ನಡಿ ನೇತು ಹಾಕಿ, ತನ್ನ ಕುತ್ತಿಗೆಗೆ ತಾನೇ ಲೋಳಸರ ಬಳಿದು, ಸಾಗವಾನಿಯನ್ನು ಒತ್ತಿ, ಮೊಬೈಲಿನಲ್ಲಿ ಕಣ್ಣು ನೆಟ್ಟು ಕುಳಿತ. ಅದೇ ಹೊತ್ತಿಗೆ ಎದುರುಮನೆಯ ಅಲ್ಲಪ್ಪ ಹೊರಗೆ ಬಂದ. ಅಲ್ಲಪ್ಪ ನಿವೃತ್ತ ಪೋಸ್ಟ್‌ಮನ್. ನಲವತ್ತು ವರ್ಷ ಓಣಿಯ ಸುದ್ದಿಗಳನ್ನು ಮನೆಮನೆಗೆ ಮುಟ್ಟಿಸಿದವನು. ನಿವೃತ್ತಿಯ ನಂತರ ಆ ಕೆಲಸದಿಂದ ಲಕೋಟೆಯನ್ನು ಮಾತ್ರ ಬಿಟ್ಟಿದ್ದ.

"ಏನಪಾ ಡಾಕ್ಟರಾ, ದಾಡಿ ಮಾಡ್ಕೊಳ್ಳಾಕತ್ತಿ?"

ಎಂ.ಡಿ. ಮುಗಿಸಿದವನಿಗೆ ಈ ಪ್ರಶ್ನೆ ನೇರ ಎದೆಗೆ ತಾಗಿತು.

"ದಾಡಿ ಅಲ್ರಿ ಕಾಕಾ."

"ಮತ್ತ? ಅದೇನ ಕೈಯಾಗಿಂದು, ಮಷಿನ್ನೇನು?"

ಸತ್ಯ ಹೇಳುವುದಾದರೆ, ತಾನು ಬಾಗಿಲ ಚೌಕಟ್ಟಿನ ತುಂಡೊಂದನ್ನು ಕುತ್ತಿಗೆಗೆ ಒತ್ತಿಕೊಂಡು ಹಗಲುಹೊತ್ತಿನಲ್ಲಿ ಕುಳಿತಿದ್ದೇನೆಂದು ಹೇಳಬೇಕಾಗಿತ್ತು. ಸೂರಜ ಸಾಗವಾನಿಯ ವಯರನ್ನು ಸರಿಮಾಡಿಕೊಂಡ.

"ಹೂಂ. ಮಷಿನ್."

"ಸ್ಕ್ಯಾನಿಂಗಿಂದು?"

"ಹೂಂ."

ಎರಡೇ ಹೂಂ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಅಂತರ. ಅಷ್ಟರಲ್ಲಿ ಅಲ್ಲಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತೇಬಿಟ್ಟಿದ್ದ. "ಹಂಗಾದ್ರ ನನಗೊಂದೀಟು ಹಚ್ಚಿ ನೋಡು. ಎಡಗೈ ಒಂದೊಂದು ಸಲ ಜುಮ್ ಅಂತೈತಿ."

ಸೂರಜ ಆ ಕುತ್ತಿಗೆಯನ್ನು ನೋಡಿದ. ತೆಳ್ಳಗೆ, ಎಲುಬು ಎದ್ದು ಕಾಣುವ, ಪಠ್ಯಪುಸ್ತಕದಿಂದ ಎದ್ದುಬಂದಂಥ ಕುತ್ತಿಗೆ. ಅವನ ಪ್ರಾಮಾಣಿಕತೆ ಅಲ್ಲಿಗೆ ಕರಗಿತು.

"ನಾ ಔಷಧ ಗಿವಷಧ ಕೊಡಂಗಿಲ್ರಿ ಕಾಕಾ. ಬರೇ ನೋಡ್ತೀನಿ."

"ನೋಡು. ನೋಡಾಕ ಯಾರು ಬ್ಯಾಡಂದಾರು."

ಮರುದಿನ ಬೆಳಿಗ್ಗೆ ಸೂರಜ ಹಲ್ಲುಜ್ಜಿ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಹನ್ನೊಂದು ಕುತ್ತಿಗೆಗಳು ಕುಳಿತಿದ್ದವು. ಮಂಡಿ ನೋವಿನವರು, ಅಜೀರ್ಣದವರು, ಏನೂ ನೋವಿಲ್ಲದೆ ಹಿಂದೆ ಉಳಿಯಬಾರದೆಂದು ಬಂದವರು. ನೋವು ಎಲ್ಲಿದ್ದರೂ ಡಾಕ್ಟರು ಕುತ್ತಿಗೆಯನ್ನೇ ನೋಡುತ್ತಾನೆಂಬುದನ್ನು ಓಣಿ ಆಕ್ಷೇಪಿಸಲಿಲ್ಲ. ದೊಡ್ಡ ಮಷಿನ್ನುಗಳಿಗೆ ಅವುಗಳದೇ ಸ್ವಭಾವವಿರುತ್ತದೆಂದು ಅಲ್ಲಪ್ಪ ಎಲ್ಲರಿಗೂ ವಿವರಿಸಿದ್ದ. ಲೋಳಸರದ ತಂಪಿಗೆ ಕೆಲವರಿಗೆ ಹಾಯೆನಿಸಿತು. ಆ ಹಾಯಿ ಓಣಿಯ ತುದಿ ತಲುಪುವಷ್ಟರಲ್ಲಿ ಗುಣವಾಗಿ ಬೆಳೆದಿತ್ತು. ನಿಜವಾಗಿ ತೊಂದರೆಯಿದ್ದ ಒಬ್ಬಿಬ್ಬರಿಗೆ ಸೂರಜ ಘಟಪ್ರಭೆಗೆ ಹೋಗಿ ವೈದ್ಯರಿಗೆ ತೋರಿಸಲು ಹೇಳಿದ, ಅವರು ಹೋದರು.

ತೊಡಕು ಬಂದದ್ದು ಪಾಟೀಲರ ಮನೆಯ ರಾಮವ್ವ ಬಂದಾಗ. ಆಕೆಗಿಂತ ಮೊದಲು ಕೂಲಿಗೆ ಹೋಗುವ ಲಕ್ಕವ್ವ ಕುಳಿತಿದ್ದಳು. ರಾಮವ್ವ ಎರಡೂ ಸಲ ಮೊಬೈಲನ್ನೇ ನೋಡಿದ್ದಳು.

"ಏ ಸೂರಜ, ಲಕ್ಕವ್ವನ ಒಳಗೂ ಇದ ಕರೇದು ಬಡಕೊಳ್ಳಾಕತ್ತಿತ್ತು. ನನ್ನ ಒಳಗೂ ಅದ ಬಡಕೊಳ್ಳಾಕತ್ತೈತಿ. ಬಾಜೂ ಅದ ದ್ರಾಕ್ಷಿ ಗೊಂಚಲದಂಗ. ಇದು ಹೆಂಗ?"

ಸೂರಜ ಮೊಬೈಲನ್ನು ಅಂಗಿಗೆ ಒರೆಸಿದ. "ಅದು... ಒಳಗ ಎಲ್ಲಾರದೂ ಒಂದ ಇರ್ತೈತ್ರಿ ಅತ್ತಿ."

ಒಳಗಿನಿಂದ ಉದ್ದವ್ವನ ಧ್ವನಿ ಬಂತು.

"ಅದನ್ನ ನಾವು ಎಷ್ಟ ವರ್ಷದಿಂದ ಹೇಳ್ಕೋತ ಬಂದೀವಿ. ಈಗ ಟೀವ್ಯಾಗ ತೋರಿಸಿದ ಮ್ಯಾಲೆ ನಂಬ್ತಾರ."

ರಾಮವ್ವ ಅರೆಗಳಿಗೆ ಮೊಬೈಲನ್ನು ನೋಡಿದಳು, ಅರೆಗಳಿಗೆ ಲಕ್ಕವ್ವನನ್ನು ನೋಡಿದಳು, ಕೊನೆಗೆ "ಖರೆ ಐತಿ ಬಿಡು" ಎಂದು ಸೆರಗು ಹೊದ್ದುಕೊಂಡು ಲಕ್ಕವ್ವನ ಪಕ್ಕದಲ್ಲೇ ಕುಳಿತು ಚಹಾ ಕುಡಿದಳು. ಮಷಿನ್ನಿನ ಕೀರ್ತಿ ಆ ದಿನದಿಂದ ಇಮ್ಮಡಿಯಾಯಿತು.

ಈ ಗದ್ದಲದ ನಡುವೆ ಒಂದು ನಿಜವಾದ ಸಂಗತಿಯೂ ನಡೆಯುತ್ತಿತ್ತು. ಹತ್ತನೆಯ ಕುತ್ತಿಗೆಗೆ ಸೂರಜನ ಬೆರಳು ಎಲುಬಿನ ಹಿಂದೆ ಬಡಿಯುವ ನಾಡಿಯನ್ನು ಹುಡುಕಿತು. ಇಪ್ಪತ್ತನೆಯದಕ್ಕೆ ಹುಡುಕದೆ ಕಂಡಿತು. ದಪ್ಪ ಕುತ್ತಿಗೆ, ಸುಕ್ಕು ಕುತ್ತಿಗೆ, ಹೊರೆ ಹೊತ್ತು ಗಟ್ಟಿಯಾದ ಕುತ್ತಿಗೆ, ನಗುತ್ತಲೇ ಇದ್ದು ಒಂದು ಕಡೆ ನಿಲ್ಲದ ಕುತ್ತಿಗೆ: ಎಲ್ಲ ಬಗೆಯನ್ನೂ ಓಣಿ ಅವನ ಮುಂದೆ ತಂದು ಇಟ್ಟಿತು. ನಲವತ್ತನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಮೊಬೈಲಿನಲ್ಲಿ ನಿಂತಿತ್ತು, ಕೈ ಇರಬೇಕಾದಲ್ಲಿ ನಿಂತಿತ್ತು, ಎರಡೂ ಒಂದನ್ನೊಂದು ಕೇಳದೆ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು.

ಇಂಥ ಉಪಕಾರಕ್ಕೆ ಪ್ರತ್ಯುಪಕಾರ ಮಾಡದೆ ಬಿಡಬಾರದೆಂದು ಅಲ್ಲಪ್ಪನಿಗೆ ಅನಿಸಿತು. ಅವನು ಒಂದು ಅರ್ಜಿ ಬರೆದ. ವಿಷಯ: ಡಾ. ಸೂರಜ ಇವರು ತಮ್ಮ ಸ್ವಂತ ಸ್ಕ್ಯಾನಿಂಗ್ ಯಂತ್ರದಿಂದ ಓಣಿಯ ಜನರಿಗೆ ಮಾಡುತ್ತಿರುವ ಉಚಿತ ಸೇವೆಯನ್ನು ಶ್ಲಾಘಿಸಿ ಶಾಲು ಹೊದಿಸಿ ಸನ್ಮಾನಿಸುವ ಕುರಿತು. ಕೆಳಗೆ ನಲವತ್ತೊಂದು ಸಹಿ. ಪೋಸ್ಟ್‌ಮನ್ ಆದವನಿಗೆ ಒಂದೇ ವಿಳಾಸಕ್ಕೆ ಕಳಿಸಿ ಸಮಾಧಾನವಾಗುವುದಿಲ್ಲ. ಒಂದು ಪ್ರತಿ ಗೋಕಾಕದ ಸರಕಾರಿ ಆರೋಗ್ಯ ಕಚೇರಿಗೆ, ಇನ್ನೊಂದು ಸೂರಜನ ಆಸ್ಪತ್ರೆಯನ್ನು ನಡೆಸುವ ಕಾಲೇಜಿಗೆ, ಎರಡೂ ಸ್ಪೀಡ್ ಪೋಸ್ಟಿನಲ್ಲಿ.

ಗುರುವಾರ ಮಧ್ಯಾಹ್ನ ನಂದಾ ಮೇಡಂ ಅವರ ಫೋನು ಬಂತು.

"ಸೂರಜ್, ನಿಮ್ಮ ಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇದೆಯಾ?"

"ಇಲ್ಲ ಮೇಡಂ. ಕಟ್ಟಿಗೆ ಇದೆ."

"ಏನು?"

"ಸಾಗವಾನಿ, ಮೇಡಂ."

ಮೇಡಂ ಸಾವಧಾನವಾಗಿ ಹೇಳಿದರು. ಬಸಿರಿನಲ್ಲಿರುವುದು ಹೆಣ್ಣೋ ಗಂಡೋ ಎಂದು ಯಾರೂ ಕದ್ದು ನೋಡಬಾರದೆಂದು ಕಾಯ್ದೆಯಿದೆ. ಆ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಸ್ಕ್ಯಾನಿಂಗ್ ಮಷಿನ್ ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. "ನಲವತ್ತೊಂದು ಜನ ಇದೆ ಅಂತ ಸಹಿ ಮಾಡಿದ್ದಾರೆ. ನೀವೊಬ್ಬರು ಇಲ್ಲ ಅಂತಿದ್ದೀರಿ. ನಾನು ನಿಮ್ಮನ್ನು ನಂಬ್ತೀನಿ, ಕಾಲೇಜು ಕಾಗದ ನಂಬುತ್ತೆ. ಅರ್ಜಿ ಗೋಕಾಕದ ಕಚೇರಿಗೂ ಹೋಗಿದೆ, ಅವರು ವಿಚಾರಣೆಗೆ ಬರ್ತಾರೆ; ಮಷಿನ್ ಇಲ್ಲ ಅಂತ ಅಲ್ಲಿನ ಅಧಿಕಾರಿಯಿಂದ ಬರೆಸಿಕೊಂಡು ಬನ್ನಿ. ಅದಿಲ್ಲದೆ ಸೋಮವಾರ ನಿಮ್ಮನ್ನು ಒಳಗೆ ಬಿಡೋಕಾಗಲ್ಲ."

ಸೂರಜ ಚಪ್ಪಲಿ ಹಾಕದೆ ಎದುರುಮನೆಗೆ ಓಡಿದ.

"ಕಾಕಾ, ಏನ ಮಾಡಿದ್ರಿ ಇದು?"

"ಉಪಕಾರ ಸ್ಮರಣಿ. ನಿನಗ ಶಾಲು ಹೊಚ್ಚಸ್ತಾರ."

"ಶಾಲಲ್ರಿ, ಬೇಡಿ ಹಾಕ್ತಾರ. ಅದು ಮಷಿನ್ ಅಲ್ರಿ ಕಾಕಾ. ಕಟಿಗಿ. ಹೊಳೆಪ್ಪ ಮಾವಾ ಕೆತ್ತಿ ಕೊಟ್ಟದ್ದು. ನಾ ಅವತ್ತ ನಾಚಿಕ್ಯಾಗಿ ಹೂಂ ಅಂದೆ."

ಅಲ್ಲಪ್ಪ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. "ಕಟಿಗಿ?"

"ಕಟಿಗಿ. ಕಚೇರಿಯವ್ರು ವಿಚಾರಣಿಗಿ ಬರ್ತಾರ."

"ಹಂ," ಎಂದ ಅಲ್ಲಪ್ಪ, ಎದ್ದು ನಿಂತು. "ನೀ ಹೆದರಬ್ಯಾಡ. ಓಣ್ಯಾನ ಮಂದಿಗೆ ನಾ ಹೇಳ್ತೀನಿ. ನಾ ಎಲ್ಲಾ ನೋಡ್ಕೋತೀನಿ."

ಸಹೃದಯ ವಾಚಕರು ಇಲ್ಲಿಯೇ ಹೆದರಬೇಕಾಗಿತ್ತು. ಸೂರಜ ಹೆದರಲಿಲ್ಲ, ಧನ್ಯವಾದ ಹೇಳಿ ಮನೆಗೆ ಬಂದ.

ಶುಕ್ರವಾರ ಹತ್ತು ಗಂಟೆಗೆ ಜೀಪು ಬಂತು. ಅದರಿಂದ ಇಳಿದ ಅಧಿಕಾರಿ ಮಾಲಿಂಗಪ್ಪನವರು ಶಾಂತಸ್ವಭಾವದ, ಅಚ್ಚುಕಟ್ಟಿನ ಮನುಷ್ಯ. ಒಂದು ಕೈಯಲ್ಲಿ ಅರಗು, ಬಿಳಿ ಬಟ್ಟೆ. ಇನ್ನೊಂದು ಕೈಯಲ್ಲಿ ನಾಲ್ಕು ಪುಟದ ನಮೂನೆ.

"ಡಾಕ್ಟರ್ ಸಾಹೇಬ್ರ, ಮಷಿನ್ ಎಲ್ಲೈತ್ರಿ?"

"ಸರ್, ಅದು ಮಷಿನ್ ಅಲ್ರಿ. ಕಟಿಗಿ."

"ಎಲ್ಲಾರೂ ಏನರೆ ಒಂದ ಅಂತಾರ್ರಿ. ಮನ್ನಿ ಒಬ್ಬಾವ ಊಟದ ಡಬ್ಬಿ ಅಂದಿದ್ದ." ಮಾಲಿಂಗಪ್ಪನವರು ನೆರೆದ ಓಣಿಯ ಕಡೆ ತಿರುಗಿದರು. "ನೀವು ಹೇಳ್ರಿ. ಇದೇನು?"

ಲಕ್ಕವ್ವ ಒಂದು ಹೆಜ್ಜೆ ಮುಂದೆ ಬಂದಳು. "ಮಷಿನ್ ರಿ ಸಾಹೇಬ್ರ. ಖರೆ ಮಷಿನ್. ನನ್ನ ಒಳಗಿಂದೆಲ್ಲಾ ಕಂಡೈತಿ."

"ಅತ್ತಿ, ಕಟಿಗಿ ಅಂತ ಹೇಳ್ರಿ," ಎಂದ ಸೂರಜ.

"ಹುಡುಗ ಭಾಳ ಸಂಭಾವಿತ ಅದಾನ್ರಿ," ಎಂದಳು ರಾಮವ್ವ, ಅಧಿಕಾರಿಗೆ. "ದೊಡ್ಡಸ್ತನ ತೋರಸಂಗಿಲ್ಲ. ಇದು ಫಾರೇನಿಂದ್ರಿ. ಕರೆಂಟ ಬ್ಯಾಡ, ಏನ ಬ್ಯಾಡ, ನಡೀತೈತಿ."

ಮಾಲಿಂಗಪ್ಪನವರು "ವಿದೇಶಿ" ಎಂದು ಬರೆದುಕೊಂಡರು.

"ಸರ್, ವಯರ್ ನೋಡ್ರಿ. ಮೊಳಿ ಹೊಡದೈತಿ."

"ಮೊಳಿನೂ ಫಾರೇನಿಂದ್ರಿ," ಎಂದ ಅಲ್ಲಪ್ಪ, ಗಂಭೀರವಾಗಿ.

ಒಬ್ಬರ ಹಿಂದೊಬ್ಬರಂತೆ ಓಣಿ ಪ್ರಮಾಣ ಮಾಡಿತು. ಸೂರಜ ಕಟಿಗಿ ಕಟಿಗಿ ಎಂದಷ್ಟೂ ಸಾಕ್ಷಿಗಳು ಗಟ್ಟಿಯಾದವು. ಮಾಲಿಂಗಪ್ಪನವರು ಒಳಗಿನ ಗೋಡೆಯಲ್ಲಿ ಬುದ್ಧನ ಮತ್ತು ಬಾಬಾಸಾಹೇಬರ ಫೋಟೋಗಳ ಕೆಳಗೆ ಕೈ ಕಟ್ಟಿಕೊಂಡು ಕುಳಿತಿದ್ದ ಉದ್ದವ್ವನನ್ನು ಕೇಳಿದರು, "ಆಯೀ, ನಿಮಗೂ ಹಚ್ಚಿ ನೋಡ್ಯಾನೇನ್ರಿ?"

"ಇಲ್ರಿ. ನಾ ಖರೆ ಸೂಜಿಗಿ ಕಾಯಾಕತ್ತೀನಿ. ಅವ ಸೋಮವಾರ ಹೋದ್ರ ಕಲೀತಾನ. ನೀವು ಹೋಗಗೊಟ್ರ."

ಅಧಿಕಾರಿ ನಮೂನೆಯ ಕಡೆ ನೋಡಿದರು. ಮೂರನೆಯ ಪುಟದಲ್ಲಿ ಒಂದು ಅಂಕಣ ಖಾಲಿಯಿತ್ತು: ತಯಾರಕರ ಹೆಸರು ಮತ್ತು ವಿಳಾಸ.

"ಹೊಳೆಪ್ಪ ಬಡಿಗೇರ, ಇದ ಊರು," ಎಂದ ಸೂರಜ.

"ಕರೀರಿ ಅವರನ."

"ಹುಕ್ಕೇರಿಗೆ ಹೋಗ್ಯಾರ್ರಿ. ಕಿಟಕಿ ಕುಂದರ್ಸೂ ಕೆಲಸಕ್ಕ."

"ಹಂಗಾದ್ರ ನಾಳೆ ಮಧ್ಯಾಹ್ನ ಒಂದು ಗಂಟೆದೊಳಗ ಗೋಕಾಕದ ಕಚೇರಿಗೆ ಕರಕೊಂಡ ಬರ್ರಿ. ತಯಾರಕರು ಕಟಿಗಿ ಅಂದ್ರ ನಾ ಕಟಿಗಿ ಅಂತ ಬರೀತೀನಿ. ಬರಲಿಲ್ಲಂದ್ರ, ನೋಡ್ರಿ, ಒಂದು ಕಡೆ ನೀವು, ಒಂದು ಕಡೆ ಇಡೀ ಓಣಿ. ನಾ ಏನ ಮಾಡಲಿ?" ಎಂದು ಅವರು ಸಾಗವಾನಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು.

ಶನಿವಾರ ನಸುಕಿನ ಬಸ್ಸು ಹತ್ತಿ, ಗೋಕಾಕದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಸೂರಜ ಹುಕ್ಕೇರಿ ಮುಟ್ಟಿದ. ಹೊಳೆಪ್ಪ ಒಂದು ಹೊಸ ಮನೆಯ ಮೇಲಂತಸ್ತಿನಲ್ಲಿ ಬಾಯಲ್ಲಿ ಮೂರು ಮೊಳೆ ಹಿಡಿದು ನಿಂತಿದ್ದ.

"ಮಾವಾ, ಗೋಕಾಕಕ್ಕ ಬಂದು ಅದು ಬರೇ ಕಟಿಗಿ ಅಂತ ಒಂದು ಮಾತ ಹೇಳ್ಬೇಕ್ರಿ."

ಹೊಳೆಪ್ಪ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. "ಬರ್ತೀನಿ. ಬರೇ ಕಟಿಗಿ ಅನ್ನಂಗಿಲ್ಲ."

"ಯಾಕ್ರಿ?"

"ಬರೇ ಕಟಿಗಿ ಅಂದ್ರ ಸೌದಿ. ಒಲಿಗಿ ಹಾಕೂದು. ನಾ ನಿನಗ ಸೌದಿ ಕೊಟ್ಟೀನೇನು?"

"ಸಾಗವಾನಿ ಅಂತ ಬರಿಸ್ತೀನ್ರಿ."

"ಎಣ್ಣಿ ಹಚ್ಚಿದ್ದು?"

"ಅದನ್ನೂ ಬರಿಸ್ತೀನಿ."

"ಮತ್ತ ಅದನ್ನ ಮೊದ್ಲ ಹೇಳ್ಬೇಕಪಾ," ಎಂದು ಹೊಳೆಪ್ಪ ಇಳಿದು ಬಂದು, ಹೊಸ ಅಂಗಿ ತೊಟ್ಟು, ಸಲಕರಣೆಯ ಚೀಲವನ್ನು ಹೆಗಲಿಗೇರಿಸಿದ.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಅವರಿಬ್ಬರೂ ಗೋಕಾಕದ ಕಚೇರಿ ಮುಟ್ಟಿದರು. ಅಲ್ಲಿ ನೋಡಿದರೆ ಎರಡು ಟಂಟಂ ಆಟೋ ತುಂಬ ಮೂಡಲಗಿಯ ಓಣಿ ಬಂದು ಇಳಿಯುತ್ತಿತ್ತು. ಅವರು ಸೂರಜನ ಪರವಾಗಿ ಮತ್ತೊಮ್ಮೆ ಮಷಿನ್ ಎಂದು ಹೇಳಲು ಬಂದಿದ್ದರು.

ಮಾಲಿಂಗಪ್ಪನವರು ಅರಗು ಒಡೆದು ಬಟ್ಟೆ ಬಿಚ್ಚಿದರು. ಹೊಳೆಪ್ಪ ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ನನ್ನ ಕೈಕೆಲಸಾನ ಇದು" ಎಂದ. ಚೀಲದಿಂದ ಉಜ್ಜುವ ರಂದಾ ತೆಗೆದು, ಯಾರನ್ನೂ ಕೇಳದೆ ಮೇಜಿನ ಅಂಚಿಗೆ ಒತ್ತಿ ಒಮ್ಮೆ ಎಳೆದ. ಕರಿ ಬಣ್ಣ ಹೋಗಿ ತೆಳ್ಳನೆಯ ಬಂಗಾರದ ಸುರುಳಿಯೊಂದು ಎದ್ದು ಅಧಿಕಾರಿಯ ನಮೂನೆಯ ಮೇಲೆ ಬಿತ್ತು.

"ವಾಸನಿ ನೋಡ್ರಿ ಸಾಹೇಬ್ರ."

ಮಾಲಿಂಗಪ್ಪನವರು ಮೂಸಿದರು. ಎರಡನೆಯ ಸಲ ಕಣ್ಣು ಮುಚ್ಚಿ ಮೂಸಿದರು. "ಸಾಗವಾನಿ," ಎಂದರು. ಆಮೇಲೆ ಓಣಿಯ ಕಡೆ ತಿರುಗಿದರು. "ನಿನ್ನೆ ನೀವೆಲ್ಲಾ ನನ್ನ ಮುಂದ ಫಾರೇನ ಅಂದ್ರಿ. ಇದು ಕಟಿಗಿ ಅಂತ ನಿಮಗ ಗೊತ್ತಿದ್ದಿಲ್ಲ?"

ಓಣಿ ಒಟ್ಟಾಗಿ ನೆಲ ನೋಡಿತು. ಅಲ್ಲಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ.

"ಗುರುವಾರನ ಗೊತ್ತಾಗಿತ್ರಿ. ಹುಡುಗ ಬಂದು ಹೇಳಿದ. ನಾ ಎಲ್ಲಾರನೂ ಕುಂದರಿಸಿ ತಿಳಿಸಿ ಹೇಳಿದೆ. ಡಾಕ್ಟರ್ ಆದಾವ ಕಟಿಗಿ ಹಿಡಕೊಂಡು ಕುಂತಿದ್ದ ಅಂತ ಊರಾಗ ಆದ್ರ ಮಂದಿ ನಗೂದಿಲ್ರಿ? ಅದಕ್ಕ ಮಷಿನ್ ಅನ್ರಿ ಅಂದೆ. ಮಷಿನ್ ಇದ್ರ ತಪ್ಪಂತ ನಮಗೇನ ಗೊತ್ರಿ ಸಾಹೇಬ್ರ. ಮಷಿನ್ ಇಲ್ಲದ್ದ ತಪ್ಪಂತ ತಿಳಿದಿದ್ವಿ."

ಮಾಲಿಂಗಪ್ಪನವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

"ಡಾಕ್ಟರ್ ಸಾಹೇಬ್ರ, ಒಂದ ಕೇಳ್ತೀನಿ. ಹೋದ ವರ್ಷ ನನ್ನ ಮೊಣಕೈ ಮುರಿದಾಗ ಕುತ್ತಿಗಿಗೆ ಎಲ್ಲೋ ಒಂದು ಸೂಜಿ ಹಾಕಿದ್ರು. ನಾ ಎಚ್ಚರಿದ್ದೆ, ಕೈ ನಂದಲ್ಲನ್ನೂ ಹಂಗಾತು. ಏನದು?"

ಸೂರಜ ಹತ್ತಿರ ಬಂದ. ಅಪ್ಪಣೆ ಕೇಳಿ, ಅವರ ಅಂಗಿಯ ಕಾಲರು ಸರಿಸಿ, ಎಲುಬಿನ ಹಿಂದೆ ಬೆರಳಿಟ್ಟ. ಹುಡುಕಲಿಲ್ಲ. "ಇಲ್ಲಿ ನಾಡಿ ಬಡೀತೈತಲ್ರಿ ಸರ್? ಇದರ ಹೊರಗಿನ ಬಾಜೂಕ ನರದ ಗೊಂಚಲ ಐತಿ. ಸೂಜಿ ಹೊರಗಿಂದ ಒಳಗ ಬಂದಿರ್ಬೇಕು, ಇಲ್ಲಿ. ಸ್ವಲ್ಪ ಕೆಳಗ ಪುಪ್ಪುಸ ಐತಿ, ಅದಕ್ಕ ತಾಗಬಾರದು. ಅದಕ್ಕ ಪರದೆ ನೋಡ್ಕೋತ ಹಾಕ್ತಾರ."

"ಅಲ್ಲೇ ಹಾಕಿದ್ರು," ಎಂದರು ಮಾಲಿಂಗಪ್ಪನವರು, ಆಶ್ಚರ್ಯದಿಂದ. "ಅವರೂ ಇಲ್ಲೇ ಬೆರಳ ಇಟ್ಟಿದ್ರು. ಎಲ್ಲಿ ಕಲಿತ್ರಿ ಇದನ್ನ?"

ಸೂರಜ ಓಣಿಯ ಕಡೆ ಕೈ ತೋರಿಸಿದ.

ಅಧಿಕಾರಿಗಳು ಬರೆದರು. ಆ ವರದಿಯ ಮುಖ್ಯ ಭಾಗವನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ: "ಪರಿಶೀಲಿಸಲಾದ ವಸ್ತುವು ಸಾಗವಾನಿ ಕಟ್ಟಿಗೆಯಾಗಿದ್ದು ಅದಕ್ಕೆ ಎಣ್ಣೆ ಹಚ್ಚಲಾಗಿದೆ. ಸದರಿ ಡಾಕ್ಟರರು ನಿಜವಾದ ಡಾಕ್ಟರರು. ಮಷಿನ್ ಇರುವುದಿಲ್ಲ." ಸಹಿ ಹಾಕಿ ಸೀಲು ಒತ್ತಿ ಕೊಡುವಾಗ ಧ್ವನಿ ತಗ್ಗಿಸಿ ಹೇಳಿದರು, "ಇನ್ನ ಮ್ಯಾಲೆ ಹೂಂ ಅನ್ನೂ ಮೊದಲ ಒಂದೀಟು ವಿಚಾರ ಮಾಡ್ರಿ."

ಹೊರಗೆ ಬೇವಿನ ಮರದ ಕೆಳಗೆ ಸೂರಜ ಓಣಿಯ ಎದುರು ನಿಂತು ಕೈ ಮುಗಿದ. ಸುಳ್ಳು ಹೇಳಿ ಎಲ್ಲರ ಕುತ್ತಿಗೆ ಮುಟ್ಟಿದ್ದಕ್ಕೆ ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದ. "ನಾ ನಿಮಗೆಲ್ಲಾರಿಗೂ..." ಎಂದು ಆರಂಭಿಸಿದ.

"ಅದೆಲ್ಲಾ ಬಿಡು," ಎಂದಳು ರಾಮವ್ವ. "ನನ್ನ ಕುತ್ತಿಗಿ ನಿನಗ ಉಪಯೋಗಕ್ಕ ಬಿತ್ತೋ ಇಲ್ಲೋ, ಅಷ್ಟ ಹೇಳು."

"ಬಿತ್ರಿ ಅತ್ತಿ."

"ಮತ್ತೇನು. ನಡೀರಿ, ಚಹಾ ಕುಡ್ಯೂಣು."

"ನಂದೂ ಬಿತ್ತಿಲ್ಲೋ?" ಎಂದಳು ಲಕ್ಕವ್ವ, ಹಿಂದೆ ಬಿದ್ದೆನೋ ಎಂಬ ಆತಂಕದಿಂದ.

"ಎಲ್ಲಾರಕಿಂತ ಸ್ವಚ್ಛ ಸಿಕ್ಕದ್ದು ನಿಮ್ಮ ನಾಡೀನ್ರಿ ಅತ್ತಿ," ಎಂದ ಸೂರಜ. ಅದು ನಿಜವೂ ಆಗಿತ್ತು. ಲಕ್ಕವ್ವ ಆ ಮಾತನ್ನು ಮೂಡಲಗಿ ಮುಟ್ಟುವವರೆಗೂ ಟಂಟಂನಲ್ಲಿ ಎಲ್ಲರಿಗೂ ಕೇಳಿಸಿದಳು.

ಭಾನುವಾರ ಮಧ್ಯಾಹ್ನ ಸೂರಜ ಚೀಲ ಕಟ್ಟಿದ. ವರದಿಯ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಗಳ ನಡುವೆ ಇಟ್ಟ. ಅಂಗಿಗಳ ಮೇಲೆ ಪುಸ್ತಕ, ಪುಸ್ತಕದ ಮೇಲೆ ಅಲ್ಲಪ್ಪ ತಂದ ಕರದಂಟಿನ ಡಬ್ಬಿ, ಡಬ್ಬಿಯ ಮೇಲೆ ರಾಮವ್ವನ ಶೇಂಗಾ ಚಟ್ನಿ, ಅದರ ಮೇಲೆ ಲಕ್ಕವ್ವನ ಎರಡು ಸಜ್ಜೆ ರೊಟ್ಟಿಯ ಗಂಟು. ಚೀಲದ ಜಿಪ್ಪು ಅರ್ಧಕ್ಕೆ ನಿಂತಿತು; ದೀಪಾ ಅದರ ಮೇಲೆ ಕುಳಿತು ಪೂರ್ತಿ ಎಳೆದಳು. ಅಪ್ಪ ಅವ್ವ ಇಬ್ಬರಿಗೂ ನಮಸ್ಕರಿಸಿ ಸೂರಜ ಅಜ್ಜಿಯನ್ನು ಹುಡುಕಿದ. ಉದ್ದವ್ವ ಒಳಗಿರಲಿಲ್ಲ, ಹಿತ್ತಲಲ್ಲಿರಲಿಲ್ಲ, ಕಟ್ಟೆಯ ಮೇಲೂ ಇರಲಿಲ್ಲ.

"ಆಯಿ ಎಲ್ಲಿ?"

"ನನಗೇನ ಗೊತ್ತು," ಎಂದಳು ದೀಪಾ, ಮುಖ ಆ ಕಡೆ ಮಾಡಿ. "ನೀ ನಡಿ, ಬಸ್ ತಪ್ಪತೈತಿ."

ಹೊರಡುವಾಗ ಅಜ್ಜಿಯ ಮುಖ ನೋಡದೆ ಹೋಗುವುದು ಸೂರಜನಿಗೆ ಇದೇ ಮೊದಲು. ಅವನು ಎರಡು ಸಲ ಹಿಂದೆ ತಿರುಗಿ ನೋಡಿದ, ಮೂರನೆಯ ಸಲಕ್ಕೆ ಓಣಿ ಮುಗಿದಿತ್ತು. ಘಟಪ್ರಭೆಯ ರೈಲಿಗೆ ಮುಟ್ಟಿಸುವ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಚೀಲ ಎತ್ತಿಕೊಂಡು ಒಳಗೆ ಹತ್ತಿದ. ಮೂರನೆಯ ಸೀಟಿನ ಕಿಟಕಿಯ ಹತ್ತಿರ, ತೊಡೆಯ ಮೇಲೆ ಒಂದು ಕೈಚೀಲ ಇಟ್ಟುಕೊಂಡು, ತೊಳೆದ ಹಸಿರು ಸೀರೆಯಲ್ಲಿ ಉದ್ದವ್ವ ಕುಳಿತಿದ್ದಳು.

"ಆಯೀ, ನೀ ಇಲ್ಲೆಲ್ಲಿ?"

"ಜಾಗಾ ಹಿಡಿದೀನಿ. ಕುಂದ್ರು."

"ನಾ ಇನ್ನೂ ಕಲಿತಿಲ್ಲ. ನಾಳೆ ಶುರು. ಮತ್ತ ನಮ್ಮ ಮನ್ಯಾನವ್ರಿಗೆ ನಾವ ಹಾಕೂ ಹಂಗಿಲ್ಲ ಅಂತ ಆಸ್ಪತ್ರ್ಯಾಗ ಪದ್ಧತಿ ಐತಿ."

"ಗೊತ್ತೈತಿ. ದೀಪಾ ನಿಮ್ಮ ಮೇಡಂಗ ಫೋನ ಹಚ್ಚಿ ಕೊಟ್ಟಿದ್ಳು. ಕರಕೊಂಡ ಬರ್ಲಿ, ಎಲ್ಲಾ ತಪಾಸ ಮಾಡಿ ನಾನ ಹಾಕ್ತೀನಿ ಅಂದ್ರು."

"ಕಂಡವ್ರ ಕೈಯಾಗ ಕುತ್ತಿಗಿ ಕೊಡೂದಿಲ್ಲ ಅಂದಿದ್ದಿ."

"ಅಂದಿದ್ದೆ." ಉದ್ದವ್ವ ಕಿಟಕಿಯ ಹೊರಗೆ ನೋಡಿದಳು. "ಓಣಿ ಅಷ್ಟೂ ಮಂದಿ ಒಂದು ಮಾತ ಕೇಳದ ನಿನ್ನ ಮುಂದ ಕುತ್ತಿಗಿ ಚಾಚಿ ಕುಂತ್ರು. ನಾ ಒಬ್ಬಾಕಿ ಒಳಗ ಕುಂತು ಷರತ್ತ ಹಾಕಾಕತ್ತಿದ್ದೆ. ಆ ರಾಮವ್ವಗಿರೂ ಧೈರ್ಯಾ ನನಗಿಲ್ಲೇನು?"

ಸೂರಜ ಚೀಲವನ್ನು ಸೀಟಿನ ಕೆಳಗೆ ದೂಡಿ ಪಕ್ಕದಲ್ಲಿ ಕುಳಿತ. ಕಂಡಕ್ಟರು ಬಂದು ಟಿಕೆಟ್ಟು ಎಂದ.

"ನಂದು ಫ್ರೀ," ಎಂದು ಉದ್ದವ್ವ ಆಧಾರ್ ಕಾರ್ಡು ತೋರಿಸಿದಳು. "ಈ ಡಾಕ್ಟರಗೊಂದು ಕೊಡ್ರಿ."

ಬಸ್ಸು ನಿಲ್ದಾಣ ಬಿಟ್ಟು ಕಬ್ಬಿನ ಹೊಲಗಳ ನಡುವಿನ ರಸ್ತೆಗೆ ಬಂತು. ಉದ್ದವ್ವ ಸೊಟ್ಟಗಾದ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯನ್ನು ಮೊಮ್ಮಗನ ಕಡೆ ಚಾಚಿದಳು.

"ಆ ಕೈ ಮೇಡಂ ಮಲಗಿಸ್ಲಿ, ನೀ ನೋಡಿ ಕಲಿ. ಈ ಕಡೀದು ಎಚ್ಚರಿರ್ತೈತಲ್ಲ, ಇದನ್ನ ನೀ ಹಿಡ್ಕೋ."